ಸಮುದ್ರ ನೋಡಿ ಬಂದ ಹಾಲಿನ ಸೈಕಲ್ಲು

ಬೇರೆಯವರ ಮನೇಲಿ ವರ್ಷಕ್ಕೊಂದು ಸಲ ರಂಪ ಆದರೆ ನಮ್ಮ ಮನೇಲಿ ಪ್ರತಿ ಭಾನುವಾರ ಆಗ್ತಿತ್ತು. ಊರಲ್ಲಿ ಯಾರು ಏನೇ ಕಿತಾಪತಿ ಮಾಡಲಿ, ಅದು ಸುತ್ತಿ ಬಳಸಿ ಬಂದು ನಿಲ್ಲೋದು ನನ್ನ ಎಮ್ಮೆ ಕೊಟ್ಟಿಗೆ ಮುಂದೇನೇ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಕಣ್ಣು, ಕಿವಿ ಎರಡೂ ಮೆಟ್ರಿಕ್ ಪಾಸಾಗಿವೆ, ಅದಕ್ಕೇ ಬರೀತಿದೀನಿ. ಸುಳ್ಳು ಅನ್ನೋರು ಹೆಬ್ಬಾಳಕ್ಕೆ ಬಂದು ಕೇಳಲಿ. ಆ ಸೈಕಲ್ ಸಂಘದವರು ಮೂರು ನಾಲ್ಕು ಜನ ಇನ್ನೂ ಇದಾರೆ, ಬಾಯಿ ಬಿಡಲ್ಲ ಅಷ್ಟೆ.

ಹೆಬ್ಬಾಳ ಆವಾಗ ಹಳ್ಳಿ. ಕೆರೆ ಹತ್ತಿರ ನಮ್ಮ ಮನೆ, ನಾಲ್ಕು ಎಮ್ಮೆ. ಬೆಳಿಗ್ಗೆ ನಾನು ಹಾಲು ಕರೆದು ಕ್ಯಾನಿಗೆ ತುಂಬಿಸಿದರೆ ನಮ್ಮ ಯಜಮಾನರು ಸೈಕಲ್ಲಿಗೆ ಕಟ್ಟಿಕೊಂಡು ಆರ್.ಟಿ. ನಗರಕ್ಕೆ ಹೋಗಿ ಇಪ್ಪತ್ತು ಮನೆಗೆ ಹಾಕಿ ಬರೋರು. ಆ ಸೈಕಲ್ಲು ಮದುವೇಲಿ ನಮ್ಮಪ್ಪ ಕೊಟ್ಟಿದ್ದು. ಕೊಟ್ಟಿದ್ದು ಅಳಿಯನಿಗೇ ಇರಬಹುದು, ಆದರೆ ಅದು ಎಳೀತಿದ್ದದ್ದು ನನ್ನ ಸಂಸಾರ. ಆ ಸೈಕಲ್ಲು ಒಂದು ದಿನ ನಿಂತರೆ ನಾಲ್ಕು ಎಮ್ಮೆ ಹಾಲೂ ಮನೇಲೇ ನಿಂತು ಹುಳಿಯಾಗಬೇಕು. ಇಷ್ಟು ಗೊತ್ತಿದ್ದೂ ಆ ಮನುಷ್ಯ ಸೈಕಲ್ ಸಂಘಕ್ಕೆ ಸೇರಿದರು.

ಹೋಗಿ ಬರೋ ಸಂಘ

ಸಂಘ ಕಟ್ಟಿದವನು ಆರ್.ಟಿ. ನಗರದಲ್ಲಿದ್ದ ಒಬ್ಬ ಆಫೀಸು ಗುಮಾಸ್ತ. ತನಗೆ ತಾನೇ ಸೆಕ್ರೆಟರಿ ಅಂತ ಹೆಸರಿಟ್ಟುಕೊಂಡಿದ್ದ. ಅವನ ಮನೆಗೂ ನಾವೇ ಹಾಲು ಹಾಕ್ತಿದ್ವಿ. ಒಂದು ದಿನ ಅವನು ಗೇಟಿನಲ್ಲಿ ನಿಂತು, ನಮ್ಮೋರು ಎರಡು ಕ್ಯಾನು ಹೊತ್ತುಕೊಂಡು ಗಂಗೇನಹಳ್ಳಿ ಕಡೆಯ ಏರು ಹತ್ತಿ ಬರೋದನ್ನ ನೋಡಿದನಂತೆ. ನೋಡಿ, ನಿಮ್ಮ ಕಾಲಲ್ಲಿ ಎಂಥ ಶಕ್ತಿ ಇದೆ ಗೌಡ್ರೆ, ಹಾಲು ಹಾಕೋದರಲ್ಲೇ ವ್ಯರ್ಥ ಮಾಡ್ತಿದೀರಲ್ಲ ಅಂದನಂತೆ. ಮದುವೆಯಾಗಿ ಹದಿನೆಂಟು ವರ್ಷ ಆಗಿತ್ತು, ಅವರ ಕಾಲನ್ನ ಯಾರೂ ಹೊಗಳಿರಲಿಲ್ಲ. ಅವತ್ತೇ ಹೆಸರು ಬರೆಸಿ ಬಂದರು.

ಮೊದಲನೇ ಭಾನುವಾರ ಅವಸರ ಅವಸರವಾಗಿ ಹಾಲು ಹಾಕಿ, ಕ್ಯಾನು ಇಳಿಸಿ ಹೊರಟರು. ಎಲ್ಲಿಗೆ ಅಂದೆ. ದೇವನಹಳ್ಳಿಗೆ ಅಂದರು. ಅಲ್ಲಿ ಯಾರಿದಾರೆ ಅಂದೆ. ಯಾರೂ ಇಲ್ಲ ಅಂದರು. ಸಂತೆ ಇದೆಯಾ ಅಂದೆ. ಇಲ್ಲ. ಹಾಗಾದರೆ ಹೋಗಿ ಏನು ಮಾಡ್ತೀರಿ ಅಂದರೆ, "ವಾಪಸ್ ಬರ್ತೀವಿ ಕಣೆ" ಅಂದರು.

ನನಗೆ ಮೈಯೆಲ್ಲ ಉರೀತು. ಎಂಟು ಜನ ಗಂಡಸರು, ಹೆಂಡತಿ ಮಕ್ಕಳಿರೋರು, ಬೆವರು ಸುರಿಸಿಕೊಂಡು ಎಲ್ಲೂ ಅಲ್ಲದ ಊರಿಗೆ ಹೋಗಿ ಒಂದು ಲೋಟ ಟೀ ಕುಡಿದು ವಾಪಸ್ ಬರೋದಂತೆ. ನಮ್ಮತ್ತೆ ಮೂಲೇಲಿ ಕೂತು ಎಲ್ಲಾ ಕೇಳಿಸಿಕೊಂಡು, "ಓಗ್ಲಿ ಬಿಡಮ್ಮೀ, ಎಮ್ಮೇನೂ ದಿನಾ ಓಗಿ ಬತ್ತದೆ" ಅಂದರು. ಎಮ್ಮೆ ಹೊಟ್ಟೆ ತುಂಬಿಸಿಕೊಂಡು ಬರುತ್ತೆ, ನಿಮ್ಮ ಮಗ ಹಸಿದುಕೊಂಡು ಬರ್ತಾರೆ ಅಂದೆ. ಅಂದಂಗೇ ಆಯ್ತು. ಅವತ್ತು ಮಧ್ಯಾಹ್ನ ಬಂದು ಏಳು ಮುದ್ದೆ ತಿಂದರು.

ಪರದೆ ಹಿಂದಿನ ಪಂಚೆ

ಎರಡು ತಿಂಗಳಿಗೆ ಸೆಕ್ರೆಟರಿ ಯೂನಿಫಾರಂ ತಂದ. ಬಿಳಿ ಬನೀನು, ಬಿಳಿ ಚಡ್ಡಿ, ಬಿಳಿ ಕ್ಯಾನ್ವಾಸ್ ಷೂ. ನಲವತ್ತೆರಡು ವರ್ಷದ ಗಂಡಸು ತೊಡೆ ಕಾಣೋ ಚಡ್ಡಿ ಹಾಕಿಕೊಂಡು ನನ್ನ ಮುಂದೆ ಬಂದು ನಿಂತು, ಹೆಂಗಿದೆ ಅಂತ ಕೇಳಿದರು. ಹೆಂಗಿದೆ ಅಂತ ಹೇಳಲಿ. ಬೀದೀಲಿ ಹೋಗ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಮ್ಮ ಎಮ್ಮೆಗಳಲ್ಲಿ ಒಂದು, ಹೊಸಬರು ಯಾರೋ ಬಂದರು ಅಂತ ಬೆದರಿ ಆವತ್ತು ಹಾಲೇ ಬಿಡಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಹಾಲು ಹಾಕಿ ಮನೆಗೆ ಬಂದು ಬಟ್ಟೆ ಬದಲಾಯಿಸಿದರೆ ತಡವಾಗುತ್ತೆ ಅಂತ, ಆ ಚಡ್ಡೀಲೇ ಹಾಲು ಹಾಕೋಕೆ ಹೋದರು. ನಮ್ಮ ಇಪ್ಪತ್ತು ಮನೇಲಿ ಒಬ್ಬರು ರಿಟೈರಾದ ಆಫೀಸರು ಇದ್ದರು. ಮಹಾ ಮಡಿ. ಅವರ ಮನೆ ಪಾತ್ರೆ ಮುಟ್ಟದೆ ಮೇಲಿಂದ ಹಾಲು ಸುರೀಬೇಕು. ನಮ್ಮ ಕ್ಯಾನಿನ ಮುಚ್ಚಳ ನೆಲಕ್ಕೆ ಇಡಬಾರದು. ಹಾಲಿನವನು ಸ್ನಾನ ಮಾಡಿದ್ದಾನೋ ಇಲ್ಲವೋ ಅಂತ ದಿನಾ ಕೇಳಿಯೇ ಬಾಗಿಲು ತೆಗೆಯೋರು. ನಾವು ಅವರನ್ನ ಮಡಿ ಆಫೀಸರು ಅಂತಲೇ ಕರೀತಿದ್ವಿ. ಆ ಎರಡು ಬೀದಿಗೆ ಅವರು ಹೇಳಿದ್ದೇ ಮಾತು. ಅವರು ಒಬ್ಬರ ಹಾಲು ಬಿಟ್ಟರೆ ಹದಿನಾಲ್ಕು ಮನೆಯವರು ಬಿಡೋರು.

ಅವರು ಗೇಟು ತೆಗೆದು ನೋಡ್ತಾರೆ, ಎದುರಿಗೆ ಎರಡು ಬರೀ ತೊಡೆ. ಇಂಥ ವೇಷದಲ್ಲಿ ಬಂದವನ ಹಾಲು ದೇವರ ನೈವೇದ್ಯಕ್ಕೆ ಆಗಲ್ಲ, ಇನ್ನೊಂದು ಸಲ ಹೀಗೆ ಬಂದರೆ ಡೈರಿ ಹಾಲು ತರಿಸ್ತೀನಿ ಅಂದರಂತೆ. ನಾನು ಹೋಗಿ ಕೈ ಮುಗಿದು ಬಂದೆ. ಮನೆಗೆ ಬಂದು ಚಡ್ಡೀನ ಒಲೆಗೆ ಹಾಕ್ತೀನಿ ಅಂದೆ. ಆಮೇಲೆ ಒಂದು ಒಪ್ಪಂದ ಆಯ್ತು: ಹಾಲು ಹಾಕೋವರೆಗೂ ಪಂಚೆ, ಆಮೇಲೆ ಚಡ್ಡಿ.

ಬಿಚ್ಚೋದು ಎಲ್ಲಿ? ಆರ್.ಟಿ. ನಗರದ ತಿರುವಿನಲ್ಲಿ ಒಬ್ಬರು ದರ್ಜಿ ಸಾಬರು ಇದ್ದರು, ಒಳ್ಳೆ ಮನುಷ್ಯ, ಬೆಳಿಗ್ಗೆ ಬೇಗ ಅಂಗಡಿ ತೆಗೆಯೋರು. ಅವರ ಪರದೆ ಹಿಂದೆ ನಮ್ಮೋರು ಪಂಚೆ ಬಿಚ್ಚಿ ಮಡಚಿಟ್ಟು ಚಡ್ಡೀಲಿ ಹೊರಗೆ ಬರೋರು. ನಾಲ್ಕು ಭಾನುವಾರ ಸುಮ್ಮನಿದ್ದ ಸಾಬರು ಐದನೇ ಭಾನುವಾರ ಕತ್ತರಿ ಕೆಳಗಿಟ್ಟು ಹೇಳಿದರಂತೆ: "ಅರೆ ಗೌಡ್ರೆ, ಇಪ್ಪತ್ತು ವರ್ಷದಿಂದ ಜನ ನನ್ನ ಅಂಗಡಿಗೆ ಬಟ್ಟೆ ಹಾಕ್ಕೊಳ್ಳೋಕೆ ಬರ್ತಾ ಇದಾರೆ. ಬಿಚ್ಚೋಕೆ ಅಂತ ಬರೋ ಗಿರಾಕಿ ನೀವೊಬ್ಬರೇ."

ಸೀಲು ಬಿದ್ದ ಗಂಡ

ಈ ಸೆಕ್ರೆಟರಿ ಗುಮಾಸ್ತ ಅಂದೆನಲ್ಲ, ಅವನಿಗೆ ಕಣ್ಣಲ್ಲಿ ನೋಡಿದ್ದು ಸಾಲದು, ಸೀಲು ಬೀಳಬೇಕು. ಎಂಟು ಜನಕ್ಕೂ ಒಂದೊಂದು ಪುಸ್ತಕ ಕೊಟ್ಟಿದ್ದ. ಯಾವ ಊರಿಗೆ ಹೋದರೂ ಅಲ್ಲಿನ ಯಾವುದಾದರೂ ಒಂದು ಸೀಲು ಹಾಕಿಸಿಕೊಂಡು ಬರಬೇಕು. ಇಲ್ಲದಿದ್ದರೆ ಹೋಗಿದ್ದು ಲೆಕ್ಕಕ್ಕಿಲ್ಲ. ಸೈಕಲ್ ತುಳಿದ ಗಂಡಸಿನ ಮಾತು ನಂಬಲ್ಲ, ರಬ್ಬರ್ ತುಂಡು ನಂಬ್ತಾನೆ.

ಭಾನುವಾರ ಪೋಸ್ಟಾಫೀಸು ಮುಚ್ಚಿರುತ್ತೆ ಅನ್ನೋದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಚಿಕ್ಕಬಾಣಾವರಕ್ಕೆ ಹೋದಾಗ ಸ್ಟೇಷನ್ನಿನಲ್ಲಿ ಟಿಕೆಟ್ ತಗೊಳ್ಳದೆ ಸೀಲು ಕೇಳಿ ಉಗಿಸಿಕೊಂಡು ಬಂದರು. ಇನ್ನೊಂದು ಸಲ ಬಾಗಲೂರು ದಾಟಿ ಒಂದು ಹಳ್ಳಿಗೆ ಹೋದರಂತೆ. ಅಲ್ಲಿ ಎಲ್ಲಾ ಮುಚ್ಚಿತ್ತು, ದನದ ಆಸ್ಪತ್ರೆ ಒಂದು ಬಿಟ್ಟು. ಕಾಂಪೌಂಡರು ಜಗಲಿ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಎಂಟು ಜನ ಚಡ್ಡಿ ಹಾಕಿದೋರು ಸಾಲಾಗಿ ನಿಂತು ಕೈ ಮುಗಿದರೆ ಅವನು ತಾನೇ ಏನು ಮಾಡಿಯಾನು, ಇದ್ದ ಒಂದೇ ಸೀಲನ್ನ ಒಬ್ಬೊಬ್ಬರಿಗೂ ಒತ್ತಿ ಕಳಿಸಿದ.

ನಮ್ಮಕ್ಕನ್ನ ಬಾಗಲೂರಿಗೇ ಕೊಟ್ಟಿರೋದು. ಅವಳ ಎಮ್ಮೆ ಕಾರ್ಡಿನ ಮೇಲೆ ಅದೇ ಸೀಲು ಇತ್ತು, ಹಂಗಾಗಿ ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮೋರು ಹೆಮ್ಮೆಯಿಂದ ಪುಸ್ತಕ ತೋರಿಸಿದರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೇಲೆ ಅವರ ಹೆಸರು, ಕೆಳಗೆ ಸೀಲು: ಕಾಲುಬಾಯಿ ಜ್ವರದ ಲಸಿಕೆ ಹಾಕಲಾಗಿದೆ, ಮುಂದಿನ ಲಸಿಕೆ ಆರು ತಿಂಗಳಿಗೆ.

ಹೋಗಲಿ, ಸರ್ಕಾರಕ್ಕಾದರೂ ಇವರು ಏನು ಅನ್ನೋದು ಗೊತ್ತಾಯ್ತಲ್ಲ ಅಂದುಕೊಂಡು ಸುಮ್ಮನಾದೆ.

ಕಳ್ಳರು ಬೆಳೆದ ಬಗೆ

ಮಾರನೇ ವರ್ಷ ಸೆಕ್ರೆಟರಿಗೆ ಸಮುದ್ರದ ಹುಚ್ಚು ಹಿಡೀತು. ಮಂಗಳೂರಿನ ಆ ಕಡೆ ಕಡಲ ದಡದಲ್ಲಿ ಒಂದು ಸೈಕಲ್ ಸಂಘ ಇದೆಯಂತೆ. ಅವರು ಇವನಿಗೆ ಕಾಗದ ಬರೆದು ಕರೆದಿದ್ದರಂತೆ. ನೆಲಮಂಗಲ, ಹಾಸನ, ಶಿರಾಡಿ ಘಾಟಿ ಇಳಿದು ಸಮುದ್ರದ ನೀರಿಗೆ ಮುಂದಿನ ಗಾಲಿ ಮುಟ್ಟಿಸಿ ಬರಬೇಕಂತೆ. ಹತ್ತು ದಿನ.

ಹತ್ತು ದಿನ ಹಾಲು ಯಾರು ಹಾಕೋದು ಅಂತ ಕೇಳಿದೆ. ನಮ್ಮೋರು ಗಾಲಿಗೆ ಎಣ್ಣೆ ಹಾಕ್ತಾ ಕೂತರು. ಊಟ ಬಿಟ್ಟೆ, ಮಾತು ಬಿಟ್ಟೆ, ಸೈಕಲ್ ಗಾಲಿಯ ಗಾಳಿ ಬಿಟ್ಟೆ. ನಮ್ಮೋರು ಮಗು ಥರ ಮುಖ ಮಾಡಿಕೊಂಡು, ನಾನು ಹುಟ್ಟಿದಾರಭ್ಯ ಕೆರೆ ಬಿಟ್ಟು ಬೇರೆ ನೀರು ನೋಡಿಲ್ಲ ಕಣೆ ಅಂದರು. ಆ ಒಂದು ಮಾತಿಗೆ ಕರಗಿಬಿಟ್ಟೆ, ನನ್ನ ಬುದ್ಧಿಗಿಷ್ಟು. ಸೈಕಲ್ಲು ಹೋದ ಹಾಗೇ ವಾಪಸ್ ಬರಬೇಕು ಅಂತ ಎಮ್ಮೆ ಮುಟ್ಟಿಸಿ ಆಣೆ ಹಾಕಿಸಿಕೊಂಡು ಕಳಿಸಿದೆ.

ಕ್ಯಾನು ಹೊತ್ತುಕೊಂಡು ನಾನು ನಡೆದೆ. ಹೆಬ್ಬಾಳದಿಂದ ಆರ್.ಟಿ. ನಗರಕ್ಕೆ ಎರಡು ಸಲ ಹೋಗಿ ಎರಡು ಸಲ ಬರೋದು, ಸೊಂಟ ಬಿದ್ದು ಹೋಯಿತು. ಮಡಿ ಆಫೀಸರು ಗಡಿಯಾರ ಹಿಡಿದು ಗೇಟಿನಲ್ಲಿ ನಿಂತಿರೋರು. ದಿನಾ ಅರ್ಧ ಗಂಟೆ ತಡ, ಪೂಜೆಗೆ ತೊಂದರೆ, ಸೈಕಲ್ಲು ಬಂದರೆ ಸರಿ, ಬರದಿದ್ದರೆ ಒಂದನೇ ತಾರೀಖಿಂದ ಡೈರಿ ಹಾಲು ಅಂದುಬಿಟ್ಟರು.

ಎಂಟನೇ ದಿನಕ್ಕೇ ಸಂಘ ವಾಪಸ್ ಬಂತು. ಬಂದಿದ್ದು ಬಸ್ಸಿನಲ್ಲಿ. ಎಂಟು ಜನ ಇದ್ದರು, ಸೈಕಲ್ಲು ಒಂದೂ ಇಲ್ಲ. ಶಿರಾಡಿ ಘಾಟಿಯಲ್ಲಿ ಕಳ್ಳರು ಅಡ್ಡಗಟ್ಟಿ ಕಿತ್ತುಕೊಂಡರು ಅಂದರು ನಮ್ಮೋರು, ನೆಲ ನೋಡಿಕೊಂಡು. ಎಷ್ಟು ಜನ ಅಂದೆ. ನಾಲ್ಕು ಅಂದರು.

ನಲ್ಲಿ ಹತ್ತಿರ ಹೋಗಿ ಉಳಿದವರ ಹೆಂಡತಿಯರನ್ನ ವಿಚಾರಿಸಿದೆ. ಒಬ್ಬಳ ಗಂಡ ಏಳು ಜನ ಕಳ್ಳರು ಅಂದಿದ್ದ. ಇನ್ನೊಬ್ಬಳ ಗಂಡ ಹನ್ನೆರಡು ಜನ, ಕೈಯಲ್ಲಿ ಮಚ್ಚು ಅಂದಿದ್ದ. ಸೆಕ್ರೆಟರಿ ಮನೆಗೆ ಹಾಲು ಹಾಕೋಕೆ ಹೋದಾಗ ಅವನ ಹೆಂಡತಿ ಕಣ್ಣೀರು ಹಾಕಿಕೊಂಡು, ನಲವತ್ತು ಜನ ಬಂದೂಕಿನವರ ಜೊತೆ ನಮ್ಮವರು ಒಬ್ಬರೇ ಇಂಗ್ಲಿಷಿನಲ್ಲಿ ಮಾತಾಡಿ ಎಲ್ಲರ ಪ್ರಾಣ ಉಳಿಸಿದರು ಅಂದಳು. ಆ ಘಾಟಿಯಲ್ಲಿ ಮರಕ್ಕಿಂತ ಕಳ್ಳರೇ ಜಾಸ್ತಿ ಅಂತ ಕಾಣುತ್ತೆ.

ಮೋಡವಿಲ್ಲದೆ ಬಂದ ನೀರು

ಸುಳ್ಳು ಹೊರಗೆ ಬಿದ್ದಿದ್ದು ಪೋಸ್ಟ್‌ಮ್ಯಾನಿಂದ. ನಮ್ಮ ಪೋಸ್ಟ್‌ಮ್ಯಾನು ಕಾರ್ಡು ಓದದೆ ಕೊಟ್ಟವನೇ ಅಲ್ಲ. ನನಗೂ ಅವನಿಗೂ ಅದಕ್ಕೇ ಸ್ನೇಹ. ಅವನು ನಮ್ಮ ಮನೆ ಮುಂದೆ ಇಳಿದು, ಏನಕ್ಕಾ, ನಿಮ್ಮ ಸೈಕಲ್ಲು ಸಮುದ್ರದಲ್ಲಿ ಮುಳುಗಿತ್ತಂತಲ್ಲ ಅಂದ. ಕಡಲ ದಡದ ಸಂಘದವರು ನಮ್ಮ ಸೆಕ್ರೆಟರಿಗೆ ಕಾರ್ಡು ಬರೆದಿದ್ದರು. ನಿಮ್ಮ ಸೈಕಲ್‌ಗಳನ್ನು ಬಲೆ ಹಾಕಿ ಮೇಲೆ ಎಳೆದಿದ್ದೇವೆ, ದಯವಿಟ್ಟು ಬಂದು ತೆಗೆದುಕೊಂಡು ಹೋಗಿ ಅಂತ. ಆ ಸೆಕ್ರೆಟರಿ ಕಾರ್ಡನ್ನ ಮಡಚಿ ಜೇಬಿಗಿಟ್ಟುಕೊಂಡು ಯಾರಿಗೂ ಹೇಳಿರಲಿಲ್ಲ. ಅವನ ಮರ್ಯಾದೆ ಉಳಿಯಲಿ, ನಮ್ಮ ಹಾಲು ಹುಳಿಯಲಿ.

ನಮ್ಮೋರನ್ನ ಕೊಟ್ಟಿಗೇಲಿ ಕೂರಿಸಿ ಕೇಳಿದೆ. ಆಣೆ ಹಾಕಿಸಿಕೊಂಡ ಎಮ್ಮೆ ಪಕ್ಕದಲ್ಲೇ ನಿಂತಿತ್ತು. ಎಲ್ಲಾ ಕಕ್ಕಿದರು.

ಸಮುದ್ರ ಮುಟ್ಟಿದ್ದು ಮಧ್ಯಾಹ್ನವಂತೆ. ದಡದ ಸಂಘದವರು ಹಾರ ಹಾಕಿದರಂತೆ. ಮೇಲಿನ ಮರಳು ಮೆತ್ತಗೆ, ಸ್ಟ್ಯಾಂಡು ಹೂತು ಸೈಕಲ್ಲು ಬಿದ್ದು ಹೋಗ್ತಿತ್ತು. ಕೆಳಗೆ ನೀರಿನ ಹತ್ತಿರ ಮರಳು ಒದ್ದೆಯಾಗಿ ಸಿಮೆಂಟಿನ ಥರ ಗಟ್ಟಿ. ಸೆಕ್ರೆಟರಿ ಎಂಟೂ ಸೈಕಲ್ಲನ್ನ ಅಲ್ಲಿಗೆ ಇಳಿಸಿ, ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದ. ಕಳ್ಳರ ಭಯ ಅಂತ ಎಂಟೂ ಗಾಲಿಗೆ ಸೇರಿಸಿ ಒಂದೇ ಚೈನು ಹಾಕಿ ಒಂದೇ ಬೀಗ ಹಾಕಿದ. ದಡದ ಸಂಘದವರು ನೋಡಿ, ಅಲ್ಲಿ ಇಡಬೇಡಿ ಮಾರಾಯ್ರೆ, ನೀರು ಬರ್ತದೆ ಅಂದರಂತೆ. ಸೆಕ್ರೆಟರಿ ಆಕಾಶ ನೋಡಿದ.

"ಒಂದು ಮೋಡ ಇಲ್ಲ, ನೀರು ಎಲ್ಲಿಂದ ಬರುತ್ತೆ?" ಅಂದ.

ನಮ್ಮ ಜನಕ್ಕೆ ಗೊತ್ತಿರೋದು ಕೆರೆ. ಹೆಬ್ಬಾಳದ ಕೆರೆ ಮಳೆ ಬಂದರೆ ತುಂಬುತ್ತೆ, ಬಿಸಿಲಾದರೆ ಇಳಿಯುತ್ತೆ. ಊಟದ ಹೊತ್ತಲ್ಲಿ ಸುಮ್ಮಸುಮ್ಮನೆ ಎದ್ದು ಬಂದು ಯಾರ ಸೈಕಲ್ಲನ್ನೂ ತಗೊಂಡು ಹೋಗಲ್ಲ. ಸಮುದ್ರಕ್ಕೆ ಅಷ್ಟು ನಿಯತ್ತಿಲ್ಲ ಅನ್ನೋದು ಇವರಿಗೆ ಯಾರು ಹೇಳಬೇಕು. ಹೇಳಿದೋರ ಮಾತನ್ನ ಕೇಳಲಿಲ್ಲ.

ಸೆಕ್ರೆಟರಿ ಕೀಲಿ ಜೇಬಿಗಿಟ್ಟುಕೊಂಡು ಸೀಲು ಹಾಕಿಸೋಕೆ ಪೋಸ್ಟಾಫೀಸು ಹುಡುಕಿಕೊಂಡು ಹೋದ. ಉಳಿದೋರು ಕುಸುಲಕ್ಕಿ ಅನ್ನ ಉಂಡು ತೆಂಗಿನ ಮರದ ನೆರಳಲ್ಲಿ ಮಲಗಿದರು. ಎಚ್ಚರಾಗಿ ನೋಡಿದರೆ ಎಂಟು ಹ್ಯಾಂಡಲ್ಲು ಮಾತ್ರ ಕಾಣ್ತಿದೆ. ಓಡಿ ಹೋಗಿ ಎಳೆದರು. ಒಂದನ್ನ ಎಳೆದರೆ ಏಳೂ ಬರಬೇಕು, ಚೈನು ಹಾಗಿತ್ತು. ಏಳು ಜನ ಸೊಂಟದವರೆಗೆ ನೀರಲ್ಲಿ ನಿಂತು ಸೆಕ್ರೆಟರೀ, ಸೆಕ್ರೆಟರೀ ಅಂತ ಕೂಗಿದರಂತೆ. ಕೊನೆಗೆ ಅವನು ಎಂಟು ಪುಸ್ತಕಕ್ಕೂ ಸೀಲು ಹಾಕಿಸಿಕೊಂಡು ಖುಷಿಯಾಗಿ ಬಂದ. ಕೀಲಿ ಇತ್ತು. ಬೀಗ ಸಮುದ್ರದ ಒಳಗಿತ್ತು.

ದಡದವರು ನಗೋಕೆ ಶುರು ಮಾಡಿದ ಮೇಲೆ ಇವರು ಅಲ್ಲಿ ನಿಲ್ಲಲಿಲ್ಲ. ಒದ್ದೆ ಚಡ್ಡೀಲೇ ಬಸ್ಸು ಹತ್ತಿದರು. ಆ ನಾಲ್ಕು ಜನ ಕಳ್ಳರು ಹುಟ್ಟಿದ್ದು ಬಸ್ಸಿನಲ್ಲಿ, ಹಾಸನ ಬರೋ ಹೊತ್ತಿಗೆ.

ಚೊಂಬಿಗೆ ಬಂಗುಡೆ

ಒಂದನೇ ತಾರೀಖಿಗೆ ಆರು ದಿನ ಇತ್ತು. ಬಾಗಲೂರಿಂದ ಅಕ್ಕನ್ನ ಕರೆಸಿ ಎಮ್ಮೆ ಒಪ್ಪಿಸಿದೆ. ಹಾಲು ಕರೆದು ಅಕ್ಕಪಕ್ಕದವರಿಗೆ ಅಳೆದುಕೊಡು, ಆರ್.ಟಿ. ನಗರದವರಿಗೆ ನಾನು ಬಂದು ಕೈ ಮುಗೀತೀನಿ ಅಂತ ಹೇಳಿ, ನಮ್ಮೋರನ್ನ ಕೈ ಹಿಡಿದು ಮಂಗಳೂರು ಬಸ್ಸಿಗೆ ಹತ್ತಿಸಿದೆ.

ದಡದ ಸಂಘದವರು ಮರ್ಯಾದಸ್ಥರು. ಜಗಲಿ ಮೇಲೆ ಆರು ಸೈಕಲ್ಲು ಒರಗಿಸಿಟ್ಟಿದ್ದರು. ಚೈನು ತುಂಡಾಗಿ ಸಾಲಿನ ತುದಿಯಲ್ಲಿದ್ದ ಸೆಕ್ರೆಟರಿ ಸೈಕಲ್ಲು ಕಡಲಿಗೇ ಹೋಯಿತು, ಸಿಗಲಿಲ್ಲ ಅಂದರು. ಅದೊಂದು ಸಮಾಧಾನ ಆಯ್ತು. ನಮ್ಮದು ಎಲ್ಲಿ ಅಂದೆ. ಅದು ಬಲೆ ಹಾಕಿ ಎಳೆದವರ ಮನೇಲಿ ಕೆಲಸ ಮಾಡ್ತಾ ಉಂಟು ಅಂದರು.

ಹೋಗಿ ನೋಡಿದರೆ ನನ್ನಪ್ಪ ಕೊಟ್ಟ ಸೈಕಲ್ಲು, ನಾನು ಹಾಲಿನ ಕ್ಯಾನು ಕಟ್ಟೋ ಕ್ಯಾರಿಯರ್ ಮೇಲೆ ಮೀನಿನ ಬುಟ್ಟಿ. ನೀರು ತೊಟ್ಟಿಕ್ಕುತ್ತಾ ಇದೆ. ಆ ಮನೆ ಹೆಂಗಸು ನನ್ನ ವಯಸ್ಸಿನವಳೇ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ನಾನು ಬಾಯಿಗೆ ಬಂದಂಗೆ ಅಂದೆ. ಹಾಲು ಹೊರೋ ಸೈಕಲ್ಲಿಗೆ ಮೀನು ಕಟ್ಟಿದೀರಲ್ಲ, ಇನ್ನು ಯಾರು ನನ್ನ ಹಾಲು ಕುಡೀತಾರೆ ಅಂದೆ. ಅವಳು ನಾನು ಉಸಿರು ಎಳೆದುಕೊಳ್ಳೋವರೆಗೂ ಕಾದಳು.

"ಸೈಕಲ್ ನಿಮ್ಮದೇ ಅಕ್ಕಾ, ಇಲ್ಲ ಅನ್ನುದಿಲ್ಲ" ಅಂದಳು. "ಆದರೆ ಮೂರು ದಿನ ನನ್ನ ಗಂಡ ದೋಣಿಗೆ ಹೋಗದೆ ಕೂತು ಅದರ ಉಪ್ಪು ತೊಳೆದು, ತುಕ್ಕು ತೆಗೆದು, ಎಣ್ಣೆ ಹಾಕಿದ್ದು. ಆ ಮೂರು ದಿನ ನನಗೆ ಯಾರು ವಾಪಸ್ ಕೊಡುದು?"

ಹೆಂಗಸು ಹೇಳಿದ್ದು ಸರಿಯಾಗಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆರು ದಿನ ಕೇಳ್ತಿದ್ದೆ. ಮಾತು ಮುಗೀತು: ಮೂರು ದಿನ ನಮ್ಮೋರು ಆ ಸೈಕಲ್ ಮೇಲೆ ಅವಳ ಮೀನು ಮಾರಿ ಬರೋದು, ನಾಲ್ಕನೇ ದಿನ ಸೈಕಲ್ಲು ನಮ್ಮದು. ನಮ್ಮೋರನ್ನ ಯಾರೂ ಕೇಳಲಿಲ್ಲ. ಅವರು ತಪ್ಪು ಮಾಡಿದೋರು, ಕೇಳೋ ಹಾಗೂ ಇರಲಿಲ್ಲ.

ಮೊದಲನೇ ದಿನ ನಾನೂ ಹಿಂದೆ ಹೋದೆ. ತೋಟದ ನಡುವೆ ಹತ್ತು ಹನ್ನೆರಡು ಮನೆ. ನಮ್ಮೋರು ಬೆಲ್ಲು ಹೊಡೆದರು, ಒಂದು ಕಾಲು ಊರಿ ನಿಂತು, ಇಷ್ಟು ವರ್ಷದ ರೂಢಿಯಂತೆ ಕತ್ತು ಎತ್ತಿ "ಹಾಲೂ..." ಅಂತ ಕೂಗಿದರು. ಎಲ್ಲಾ ಮನೆ ಹೆಂಗಸರೂ ಪಾತ್ರೆ ಹಿಡಿದುಕೊಂಡು ಬಂದರು. ಎಲ್ಲರಿಗಿಂತ ಮುಂದೆ ಒಬ್ಬಳು ಅಜ್ಜಿ ಚೊಂಬು ಚಾಚಿದಳು. ಇವರಿಗೆ ತಲೆ ಓಡಲಿಲ್ಲ. ಅಜ್ಜಿ ಚೊಂಬಿನೊಳಕ್ಕೆ ತಲೆ ಕೆಳಗಾಗಿ ಒಂದು ಬಂಗುಡೆ ಮೀನು ಇಳಿಸಿದರು. ಆಮೇಲೆ ಹಾಲಿಗೆ ಹಾಕೋ ಥರಾನೇ, ಮೇಲೆ ಒಂದು ಚಿಕ್ಕ ಮೀನು ಕೊಸರು ಹಾಕಿದರು.

ಹಿಂದಿನ ಗೇಟು

ಅಜ್ಜಿ ಬಂದು ದೂರು ಕೊಟ್ಟ ಮೇಲೆ ಮೀನಿನವಳು ಬಿಡಲಿಲ್ಲ. ದಿನಾ ಬೆಳಿಗ್ಗೆ ನಮ್ಮೋರನ್ನ ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಮೀನು, ಮೀನು ಅಂತ ನೂರು ಸಲ ಕೂಗಿಸೋಳು. ಮೂರನೇ ದಿನಕ್ಕೆ ಪಾಠ ಗಟ್ಟಿಯಾಯಿತು. ಮಾತಿನ ಪ್ರಕಾರ ಸೈಕಲ್ಲು ಕೊಟ್ಟಳು, ಬಸ್ಸಿನ ಮೇಲೆ ಹಾಕಿಕೊಂಡು ಬಂದೆವು. ಉಳಿದ ಆರು ಜನ ಆಮೇಲೆ ಒಬ್ಬೊಬ್ಬರಾಗಿ, ಮಾವನ ಮನೆಗೆ ಹೋಗಿ ಬರ್ತೀನಿ ಅಂತ ಹೇಳಿ ಹೋಗಿ ತಂದರು.

ಊರಿಗೆ ಬಂದವಳೇ ಸೈಕಲ್ಲಿಗೆ ಸೀಗೆಪುಡಿ ಹಚ್ಚಿದೆ, ಹುಣಸೆಹಣ್ಣು ಹಚ್ಚಿದೆ, ಬೂದಿ ಹಚ್ಚಿ ತಿಕ್ಕಿದೆ. ಎಮ್ಮೆ ಹತ್ತಿರ ಬಂದು ಮೂಸಿ ಹಿಂದಕ್ಕೆ ಹೋಯಿತು. ಸಗಣಿ ಸಾರಿಸಿದೆ. ಆಗ ಸಗಣಿ ವಾಸನೆ ಒಂದು ಕಡೆ, ಮೀನಿನ ವಾಸನೆ ಒಂದು ಕಡೆ, ಎರಡೂ ಪೈಪೋಟಿ ಮೇಲೆ ಬರೋಕೆ ಶುರುವಾಯಿತು.

ಮಾರನೇ ದಿನ ಒಂದನೇ ತಾರೀಖು. ನಮ್ಮೋರು ಕ್ಯಾನು ಕಟ್ಟಿಕೊಂಡು ಹೊರಡೋಕೆ ಮುಂಚೆ ನಾನೇ ಆರ್.ಟಿ. ನಗರಕ್ಕೆ ನಡೆದೆ. ಮಡಿ ಆಫೀಸರ ಕೈ ಕಾಲು ಹಿಡಿದಾದರೂ ಸರಿ, ಹದಿನಾಲ್ಕು ಮನೆ ಉಳಿಸಿಕೊಳ್ಳಬೇಕು ಅಂತ. ಗೇಟು ತೆಗೆದು ಒಳಗೆ ಹೋದರೆ ಅವರ ಹೆಂಡತಿ ತುಳಸಿ ಕಟ್ಟೆ ಹತ್ತಿರ ರಂಗೋಲಿ ಹಾಕ್ತಿದ್ದರು. ಆ ಅಮ್ಮ ಪಾಪದವರು. ಇಲ್ಲಮ್ಮ, ಇವತ್ತಿಂದ ಡೈರಿ ಹಾಲು ಅಂತ ನಮ್ಮವರು ಬೀದಿಗೆಲ್ಲ ಹೇಳಿ ಆಗಿದೆ, ಸ್ನಾನಕ್ಕೆ ಹೋಗಿದಾರೆ, ಬಂದ ಮೇಲೆ ನೀನೇ ಒಂದು ಮಾತು ಕೇಳಿ ನೋಡು ಅಂತ ಹೇಳಿ ಒಳಗೆ ಹೋದರು. ನಾನು ಕಟ್ಟೆ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆ.

ಅಷ್ಟರಲ್ಲಿ ಬೀದೀಲಿ ನಮ್ಮ ಸೈಕಲ್ ಬೆಲ್ಲು ಕೇಳಿತು. ಆಮೇಲೆ ಆ ಮನುಷ್ಯನ ಗಂಟಲು ಕೇಳಿತು. ಆ ಮಡಿ ಬೀದೀಲಿ, ಬೆಳಿಗ್ಗೆ ಆರೂವರೆಗೆ, ಎಲ್ಲಾ ಮನೇಲೂ ಸುಪ್ರಭಾತದ ಹೊತ್ತಲ್ಲಿ, ಮೂರು ದಿನ ಕಲಿತ ಪಾಠ:

"ಮೀನೂ... ತಾಜಾ ಮೀನೂ..."

ನಾನು ತುಳಸಿ ಕಟ್ಟೆಗೆ ಹಣೆ ಇಟ್ಟೆ. ಮುಗೀತು, ಹದಿನಾಲ್ಕು ಮನೆ ಅಲ್ಲ, ಇಪ್ಪತ್ತೂ ಹೋಯಿತು. ನಾಳೆಯಿಂದ ಎಮ್ಮೆ ಮಾರಬೇಕು ಅಂದುಕೊಂಡೆ.

ಮನೆ ಪಕ್ಕದ ಓಣಿಯಿಂದ ಚಪ್ಪಲಿ ಸದ್ದು ಕೇಳಿತು. ಮಡಿ ಆಫೀಸರು. ತಲೆ ಇನ್ನೂ ಒದ್ದೆ, ಮಡಿ ಪಂಚೆ, ಹೊದ್ದ ಶಲ್ಯ. ಬೈಯೋಕೆ ಹೊರಟಿದಾರೆ ಅಂತ ನಾನು ಏಳೋಕೆ ಹೋದೆ. ಅವರು ಒಳಗಡೆ ಬಾಗಿಲು ಒಂದು ಸಲ ನೋಡಿದರು, ಎದುರು ಮನೆ ಕಿಟಕಿ ಒಂದು ಸಲ ನೋಡಿದರು. ನನ್ನ ಕಡೆ ನೋಡಲಿಲ್ಲ. ಗೇಟಿಗೆ ಬಗ್ಗಿ, ನಮ್ಮೋರ ಮುಖ ಕೂಡ ನೋಡದೆ, ಶಲ್ಯದ ಒಳಗಿಂದ ಒಂದು ಬಟ್ಟೆ ಚೀಲ ಹೊರಗೆ ತೆಗೆದರು.

"ಮೆತ್ತಗೆ ಕೂಗಪ್ಪ" ಅಂದರು. "ಬಂಗುಡೆ ಇದೆಯಾ? ಹಿಂದಿನ ಗೇಟಿಗೆ ಬಾ."

ನಾನು ತುಳಸಿ ಕಟ್ಟೆಯಿಂದ ಎದ್ದೆ. ಅವರಿಗೂ ನಮ್ಮೋರ ಗುರುತು ಅದೇ ಹೊತ್ತಿಗೆ ಸಿಕ್ಕಿತು ಅಂತ ಕಾಣುತ್ತೆ. ಚೀಲ ಕೈಯಲ್ಲಿ ಹಾಗೇ ನೇತಾಡ್ತಿತ್ತು. ಮುಂದೆ ನಮ್ಮೋರು ಬಾಯಿ ಬಿಟ್ಟುಕೊಂಡು ನಿಂತಿದಾರೆ, ಹಿಂದೆ ನಾನು ನಿಂತಿದೀನಿ. ನಾನು ಕೈ ಮುಗಿದು ಸೆರಗು ಹೊದ್ದುಕೊಂಡು, ಸ್ವಾಮಿ, ಇವತ್ತು ಹಾಲು ಎಷ್ಟು ಹಾಕಲಿ ಅಂತ ಕೇಳಿದೆ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ, ಯಾರ್ರೀ ಅದು ನಮ್ಮ ಬೀದೀಲಿ ಮೀನು ಅಂತ ಕೂಗಿದ್ದು ಅಂತ ಕೇಳ್ತಾ ಬಾಗಿಲಿಗೆ ಬಂದರು. ಆಫೀಸರು ಚೀಲ ಮುದ್ದೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ನಿಂತರು.

"ಯಾರೋ ದಾರಿ ತಪ್ಪಿ ಬಂದಿದ್ದ, ಓಡಿಸಿದೆ" ಅಂದರು, ಎದುರು ಮನೆಗೂ ಕೇಳೋ ಹಾಗೆ. "ಡೈರಿಯವನಿಗೆ ಬೇಡ ಅಂತ ಹೇಳಿಬಿಡು. ಇನ್ನು ಮೇಲೆ ಒಂದು ಲೀಟರು ಜಾಸ್ತಿ ಇವರ ಹತ್ತಿರವೇ ತಗೋ. ಇಡೀ ಆರ್.ಟಿ. ನಗರದಲ್ಲಿ ಇಷ್ಟು ಮಡಿಯಾದ ಹಾಲು ಬೇರೆ ಯಾರದ್ದೂ ಇಲ್ಲ."